ಸ್ಪೈವೇರ್ ಶಂಕೆ: ಮೊದಲು ಸಾಕ್ಷ್ಯ, ಆಮೇಲೆ ತಂತ್ರಾಂಶದ ಆಯ್ಕೆ

ಬ್ರೌಸರ್ ತೆರೆದರೆ ನಾವು ಕೇಳದ ಹುಡುಕುತಾಣ ಬರುತ್ತದೆ, ಪರದೆಯ ಬಲಮೂಲೆಯಲ್ಲಿ ಜಾಹೀರಾತುಗಳು ಒಂದರ ಹಿಂದೊಂದು ಏಳುತ್ತವೆ, ಯಂತ್ರ ಸುಮ್ಮನಿದ್ದಾಗಲೂ ಫ್ಯಾನ್ ಜೋರಾಗಿ ತಿರುಗುತ್ತದೆ, ಗೊತ್ತಿಲ್ಲದ ಊರಿನಿಂದ ಯಾರೋ ನಮ್ಮ ಖಾತೆಗೆ ಲಾಗಿನ್ ಆಗಿದ್ದಾರೆಂಬ ಎಚ್ಚರಿಕೆ ಬರುತ್ತದೆ. ಕಂಪ್ಯೂಟರಿಗೆ ಸ್ಪೈವೇರ್, ಅಂದರೆ ನಮಗರಿವಿಲ್ಲದೆ ನಮ್ಮ ಮಾಹಿತಿಯನ್ನು ಕದ್ದು ಹೊರಗೆ ಕಳಿಸುವ ತಂತ್ರಾಂಶ, ಹೊಕ್ಕಿದೆಯೆಂಬ ಅನುಮಾನ ಸಾಮಾನ್ಯವಾಗಿ ಹುಟ್ಟುವುದು ಇಂಥ ಲಕ್ಷಣಗಳಿಂದ. ಅನುಮಾನ ಬಂದ ಕೂಡಲೇ ಹೆಚ್ಚಿನವರು ಉಚಿತ ಸ್ಪೈವೇರ್ ರಿಮೂವರ್ ಬೇಕೆಂದು ಅಂತರಜಾಲದಲ್ಲಿ ಹುಡುಕಿ, ಮೊದಲು ಕಂಡ ಜಾಹೀರಾತಿನ ಕೊಂಡಿಯನ್ನು ಒತ್ತಿ, ಸಿಕ್ಕಿದ್ದನ್ನು ಇಳಿಸಿಕೊಳ್ಳುತ್ತಾರೆ. ದೋಷ ಏನೆಂದು ತಿಳಿಯುವ ಮೊದಲೇ ಔಷಧ ಕೊಂಡುಕೊಂಡಂತಾಗುವ ಈ ಅವಸರದಲ್ಲಿ, ನಿಜವಾದ ಕಾರಣದ ಗುರುತುಗಳು ಅಳಿಸಿಹೋಗುತ್ತವೆ. ಎಷ್ಟೋ ಸಲ ಇಲ್ಲದಿದ್ದ ಸ್ಪೈವೇರ್ ಆಗಲೇ ಒಳಗೆ ಬರುತ್ತದೆ. ಈ ಕೈಪಿಡಿಯ ಕ್ರಮ ಬೇರೆ: ಮೊದಲು ಲಕ್ಷಣಗಳನ್ನು ದಾಖಲಿಸಬೇಕು, ಬಳಿಕ ಬೇರೆ ಕಾರಣಗಳನ್ನು ತಳ್ಳಿಹಾಕಬೇಕು, ಆಮೇಲೆ ಸಾಕ್ಷ್ಯ ಎಲ್ಲಿದೆಯೆಂದು ನೋಡಬೇಕು. ತೆಗೆಯುವ ತಂತ್ರಾಂಶವನ್ನು ಆರಿಸುವ ಸರದಿ ಅದರ ನಂತರದ್ದು.

ಲಕ್ಷಣಗಳನ್ನು ಬರೆದಿಡುವುದು

ದೋಷವನ್ನು ಹೇಗೆ ದಾಖಲಿಸಬೇಕೆಂಬುದಕ್ಕೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯದಲ್ಲಿರುವ ಒಂದು ಹಾಳೆಗಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೌಕಾಪಡೆಗಾಗಿ ಸಿದ್ಧವಾಗುತ್ತಿದ್ದ ಮಾರ್ಕ್ 2 ಎಂಬ ಗಣಕಯಂತ್ರದ ದಿನಚರಿ ಪುಸ್ತಕದಲ್ಲಿ 1947ರ ಸೆಪ್ಟೆಂಬರ್ 9ರಂದು ಬರೆದ ಪುಟ ಅದು. ಎಡಬದಿಯಲ್ಲಿ ಗಂಟೆ, ಬಲಬದಿಯಲ್ಲಿ ಆ ಗಂಟೆಗೆ ನಡೆದ ಕೆಲಸ. ಬೆಳಗ್ಗೆ 8ಕ್ಕೆ ಲೆಕ್ಕ ಶುರು, 10ಕ್ಕೆ ನಿಲುಗಡೆ, 11ಕ್ಕೆ ಕೊಸೈನ್ ಲೆಕ್ಕದ ಟೇಪ್, 3 ಗಂಟೆ 25 ನಿಮಿಷಕ್ಕೆ ಸಂಕಲನ ಘಟಕಗಳ ಪರೀಕ್ಷೆ. ಅದಾದ 20 ನಿಮಿಷಕ್ಕೆ, ಅಂದರೆ 3 ಗಂಟೆ 45 ನಿಮಿಷಕ್ಕೆ, ಎಫ್ ಫಲಕದ 70ನೇ ರಿಲೇಯಲ್ಲಿ (ವಿದ್ಯುತ್ ಸ್ವಿಚ್ಚಿನಲ್ಲಿ) ಪತಂಗವೊಂದು ಸಿಕ್ಕಿಕೊಂಡಿದೆಯೆಂಬ ಸಾಲು. ಆ ಪತಂಗವನ್ನು ಎಸೆಯದೆ, ಅದೇ ಸಾಲಿನ ಬಳಿ ಪಾರದರ್ಶಕ ಟೇಪಿನಿಂದ ಅಂಟಿಸಿ, ನಿಜವಾದ ಬಗ್ (ಕೀಟ; ಯಂತ್ರದ ದೋಷಕ್ಕೂ ಇಂಗ್ಲಿಷಿನಲ್ಲಿ ಇದೇ ಪದ) ಸಿಕ್ಕ ಮೊದಲ ಪ್ರಕರಣವಿದು ಎಂದು ಬರೆದಿದ್ದಾರೆ. 4 ಗಂಟೆ 30 ನಿಮಿಷಕ್ಕೆ ಯಂತ್ರ ಮತ್ತೆ ಕೆಲಸಕ್ಕೆ ತೊಡಗಿದ್ದೂ 5ಕ್ಕೆ ಮುಚ್ಚಿದ್ದೂ ಅದೇ ಪುಟದಲ್ಲಿದೆ.

ಆ ಪತಂಗವನ್ನು ಹಿಡಿದವರು ಗಣಕವಿಜ್ಞಾನಿ ಗ್ರೇಸ್ ಹಾಪರ್ ಎಂದು ಹಲವು ಕಡೆ ಬರೆಯುತ್ತಾರೆ. ಅದು ಸರಿಯಲ್ಲ; ಹಿಡಿದವರು ಯಂತ್ರ ನಡೆಸುತ್ತಿದ್ದ ಸಹೋದ್ಯೋಗಿಗಳು. ಹಾಪರ್ ಅವರು ಆ ಪ್ರಸಂಗವನ್ನು ದಶಕಗಳ ಕಾಲ ಭಾಷಣಗಳಲ್ಲಿ ಹೇಳುತ್ತ ಬಂದುದರಿಂದ ಅದು ಜಗತ್ತಿಗೆ ತಿಳಿಯಿತು. ಅವರ ಹಿರಿಮೆಗೆ ಪತಂಗದ ಆಸರೆ ಬೇಕಾಗಿಯೂ ಇಲ್ಲ. 1906ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು, ವಾಸರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದು, ಯುದ್ಧಕಾಲದಲ್ಲಿ ನೌಕಾಪಡೆಯ ಮೀಸಲು ದಳ ಸೇರಿ, 1944ರಲ್ಲಿ ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಕೆಲಸಕ್ಕೆ ಬಂದರು. ಸುಮಾರು 51 ಅಡಿ ಉದ್ದವಿದ್ದ ಆ ಯಂತ್ರವನ್ನು ನಡೆಸುವ ಬಗೆಯನ್ನು ವಿವರಿಸಿ 1946ರಲ್ಲಿ ಪ್ರಕಟವಾದ 500ಕ್ಕೂ ಹೆಚ್ಚು ಪುಟಗಳ ಕೈಪಿಡಿಯ ಬಹುಭಾಗ ಅವರ ಬರವಣಿಗೆ.

ಅವರ ಅನುಭವದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ. ಮಾರ್ಕ್ 1ರ ದಿನಗಳಲ್ಲಿ ಹಾಪರ್ ಮತ್ತು ಜತೆಗಾರರು, ಸರಿಯಾಗಿ ನಡೆದ ಆದೇಶಗಳ ತುಣುಕುಗಳನ್ನು ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನೋಡಿ ಬರೆದುಕೊಳ್ಳುತ್ತಿದ್ದರು. ಹಾಗೆ ನೋಡಿ ಬರೆಯುವಾಗಲೇ ತಪ್ಪುಗಳು ನುಸುಳುತ್ತವೆಂದು ಅವರು ಕಂಡುಕೊಂಡರು. ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬೇಕೆಂಬ ಯೋಚನೆಯಿಂದ 1952ರ ಹೊತ್ತಿಗೆ ಎ-0 ಎಂಬ ಕಂಪೈಲರ್ (ಅಂಥ ತುಣುಕುಗಳನ್ನು ತಾನೇ ಜೋಡಿಸುವ ಪ್ರೋಗ್ರಾಂ) ಬಂತು. ಆದ್ದರಿಂದ ಪರದೆಯ ಮೇಲೆ ಬಂದ ಎಚ್ಚರಿಕೆಯನ್ನು ನೆನಪಿನಿಂದಾಗಲಿ ನೋಡಿಕೊಂಡಾಗಲಿ ಬರೆಯಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಫೈಲಿನ ಹೆಸರಿನಲ್ಲಿ ಒಂದು ಅಕ್ಷರ ಹಿಂದುಮುಂದಾದರೆ ಮುಂದಿನ ಶೋಧವೆಲ್ಲ ದಾರಿ ತಪ್ಪುತ್ತದೆ.

ನಿಮ್ಮ ದಾಖಲೆಯಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಲಕ್ಷಣ ಮೊದಲು ಕಂಡ ದಿನ ಮತ್ತು ಗಂಟೆ, ಆಗ ತೆರೆದಿದ್ದ ಪ್ರೋಗ್ರಾಂಗಳು, ಅದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ಹೊಸದಾಗಿ ಹಾಕಿದ ತಂತ್ರಾಂಶ, ತೆರೆದ ಇಮೇಲ್ ಲಗತ್ತು, ಚುಚ್ಚಿದ ಪೆನ್‌ಡ್ರೈವ್. ಇದರ ಜತೆಗೆ, ದೋಷವನ್ನು ಬೇಕೆಂದಾಗ ಮರಳಿ ಕಾಣುವ ಬಗೆ ಇದ್ದರೆ ಅದನ್ನೂ ಬರೆಯಿರಿ: ಕ್ರೋಮ್ ತೆರೆದರೆ ಮಾತ್ರ ಬರುತ್ತದೆ, ಎಡ್ಜ್‌ನಲ್ಲಿ ಬರುವುದಿಲ್ಲ, ಇಂಟರ್ನೆಟ್ ತೆಗೆದರೆ ನಿಲ್ಲುತ್ತದೆ, ಹೀಗೆ. ಒಂದೇ ಬ್ರೌಸರಿನಲ್ಲಿ ಕಾಣುವ ದೋಷಕ್ಕೂ ಎಲ್ಲ ಬ್ರೌಸರುಗಳಲ್ಲಿ ಕಾಣುವ ದೋಷಕ್ಕೂ ಕಾರಣ ಬೇರೆಬೇರೆಯಾಗಿರುತ್ತದೆ.

ಸ್ಪೈವೇರ್‌ನಂತೆ ತೋರುವ ಬೇರೆ ದೋಷಗಳು

ಮೂಲೆಯಲ್ಲಿ ಏಳುವ ಜಾಹೀರಾತುಗಳಿಗೆ ಅತಿ ಸಾಮಾನ್ಯ ಕಾರಣ, ಯಾವುದೋ ಜಾಲತಾಣಕ್ಕೆ ನಾವೇ ಕೊಟ್ಟ ನೋಟಿಫಿಕೇಶನ್ ಅನುಮತಿ. ವಿಡಿಯೊ ನೋಡಲು 'ಅಲೋ' ಒತ್ತಿ ಎಂದು ಬರೆದಿರುವ ಪುಟದಲ್ಲಿ ಒತ್ತಿದ ಒಂದು ಗುಂಡಿಯಿಂದ, ತಿಂಗಳುಗಟ್ಟಲೆ ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆಯೆಂಬ ಸುಳ್ಳು ಎಚ್ಚರಿಕೆಗಳು ಬರುತ್ತಿರುತ್ತವೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಅನುಮತಿಗಳೊಳಗಿನ ನೋಟಿಫಿಕೇಶನ್ ಪಟ್ಟಿ ತೆರೆದು, ಗುರುತಿಲ್ಲದ ತಾಣಗಳನ್ನೆಲ್ಲ ತೆಗೆದುಹಾಕಿದರೆ ಅವು ನಿಲ್ಲುತ್ತವೆ. ನಿಂತರೆ ಯಾವ ತಂತ್ರಾಂಶವೂ ಬೇಕಿಲ್ಲ.

ಪರದೆಯನ್ನೆಲ್ಲ ತುಂಬಿ, ಬೀಪ್ ಸದ್ದು ಮಾಡುತ್ತ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎನ್ನುವ ಪುಟವೂ ಬರಿಯ ಜಾಲಪುಟವೇ. ಅದಕ್ಕೆ ಕರೆ ಮಾಡಬಾರದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಚ್ಚಿ, ಮತ್ತೆ ತೆರೆಯುವಾಗ ಹಳೆಯ ಪುಟಗಳನ್ನು ಮರಳಿ ತರಬೇಡವೆಂದು ಹೇಳಿದರೆ ಸಾಕು. ನಿಧಾನಗತಿಗೆ ಡಿಸ್ಕ್ ತುಂಬಿರುವುದು, ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟ್ ನಡೆಯುತ್ತಿರುವುದು, ಎರಡು ಆ್ಯಂಟಿವೈರಸ್‌ಗಳು ಒಂದೇ ಫೈಲನ್ನು ಏಕಕಾಲಕ್ಕೆ ಪರೀಕ್ಷಿಸುತ್ತ ಒಂದಕ್ಕೊಂದು ಅಡ್ಡ ಬರುವುದು, ಇವೂ ಕಾರಣವಾಗಿರಬಹುದು. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು, ಡಿಸ್ಕ್ ಕಾಲಂಗಳನ್ನು ಒತ್ತಿ ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಯಾರು ಎಷ್ಟು ಬಳಸುತ್ತಿದ್ದಾರೆಂಬುದು ಕಾಣುತ್ತದೆ.

ಖಾತೆಗೆ ಅಪರಿಚಿತ ಲಾಗಿನ್ ಆಗಿದ್ದರೆ ಅದೊಂದನ್ನೇ ಹಿಡಿದು ಕಂಪ್ಯೂಟರಿನಲ್ಲಿ ಸ್ಪೈವೇರ್ ಇದೆಯೆನ್ನಲಾಗದು. ಒಂದೇ ಪಾಸ್‌ವರ್ಡನ್ನು ಹಲವು ತಾಣಗಳಲ್ಲಿ ಬಳಸಿದ್ದು, ಅವುಗಳಲ್ಲೊಂದರಿಂದ ಅದು ಸೋರಿಕೆಯಾಗಿದ್ದರೂ ಹೀಗಾಗುತ್ತದೆ.

ಒಳಗೆ ನೋಡುವ ಬಗೆ

ಸ್ಪೈವೇರ್ ಎಷ್ಟೇ ಜಾಣತನದಿಂದ ಬರೆದದ್ದಾಗಿರಲಿ, ಸಾಮಾನ್ಯವಾಗಿ ಅದಕ್ಕೆ ಎರಡು ಕೆಲಸ ಬಿಟ್ಟರೆ ನಡೆಯದು: ಯಂತ್ರ ಪ್ರತಿಸಲ ಶುರುವಾದಾಗ ತಾನೂ ಶುರುವಾಗಬೇಕು, ಕದ್ದದ್ದನ್ನು ಹೊರಗೆ ಕಳಿಸಬೇಕು. ಹುಡುಕಬೇಕಾದದ್ದು ಈ ಎರಡು ಕಡೆ. ವಿಂಡೋಸ್‌ನಲ್ಲಿ ಮೊದಲನೆಯದನ್ನು ನೋಡಲು ಮೈಕ್ರೋಸಾಫ್ಟ್ ತಾನೇ ಉಚಿತವಾಗಿ ಕೊಡುವ ಸಿಸ್‌ಇಂಟರ್ನಲ್ಸ್ ಸಲಕರಣೆಗಳಲ್ಲಿ ಆಟೋರನ್ಸ್ ಎಂಬುದು ಎಲ್ಲಕ್ಕಿಂತ ಉಪಯುಕ್ತ. ಯಂತ್ರ ಏಳುವಾಗ ತಾನಾಗಿ ನಡೆಯುವ ಪ್ರತಿಯೊಂದನ್ನೂ, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಕೋಶದ) ರನ್ ಕೀಲಿಗಳಿಂದ ಹಿಡಿದು ನಿಗದಿತ ಕಾರ್ಯಗಳು, ಸರ್ವಿಸ್‌ಗಳು, ಡ್ರೈವರ್‌ಗಳವರೆಗೆ, ಅದು ಒಂದೇ ಕಿಟಕಿಯಲ್ಲಿ ತೋರಿಸುತ್ತದೆ. ಆಯ್ಕೆಗಳಲ್ಲಿ ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿ, ಡಿಜಿಟಲ್ ಸಹಿಯ ಪರಿಶೀಲನೆಯನ್ನು ಹಚ್ಚಿದರೆ, ಪಟ್ಟಿ ಓದಬಲ್ಲಷ್ಟು ಚಿಕ್ಕದಾಗುತ್ತದೆ.

ಆ ಪಟ್ಟಿಯಲ್ಲಿ ಸಂಶಯಾಸ್ಪದ ಸಾಲು ಹೇಗಿರುತ್ತದೆಂಬುದನ್ನು ತುಸು ಹತ್ತಿರದಿಂದ ನೋಡೋಣ. ವಿಂಡೋಸ್‌ನಲ್ಲಿ ಎಸ್-ವಿ-ಸಿ-ಹೋಸ್ಟ್ ಎಂಬ ಕಾಗುಣಿತದ ನಿಜವಾದ ಪ್ರಕ್ರಿಯೆಯೊಂದಿದೆ. ಅದರ ಹಲವು ಪ್ರತಿಗಳು ಸದಾ ನಡೆಯುತ್ತಿರುತ್ತವೆ, ಅವುಗಳ ಫೈಲು ವಿಂಡೋಸ್ ಫೋಲ್ಡರಿನ ಸಿಸ್ಟಂ32 ಒಳಗಿರುತ್ತದೆ, ಅವನ್ನು ಎಬ್ಬಿಸುವುದು ಸರ್ವಿಸಸ್ ಎಂಬ ಇನ್ನೊಂದು ಪ್ರಕ್ರಿಯೆ. ಆದರೆ ಎಸ್-ಸಿ-ವಿ-ಹೋಸ್ಟ್ ಎಂದು ನಡುವಿನ ಎರಡು ಅಕ್ಷರ ಅದಲುಬದಲಾಗಿದ್ದು, ಫೈಲು ಬಳಕೆದಾರರ ಹೆಸರಿನ ಫೋಲ್ಡರಿನೊಳಗಿನ ಆ್ಯಪ್‌ಡೇಟಾದಲ್ಲೋ ಟೆಂಪ್‌ನಲ್ಲೋ ಇದ್ದು, ಪ್ರಕಾಶಕರ ಕಾಲಂ ಖಾಲಿಯಾಗಿ ಸಹಿ ದೃಢಪಟ್ಟಿಲ್ಲವೆಂದು ತೋರಿಸಿ, ಫೈಲಿನ ದಿನಾಂಕ ನಿಮ್ಮ ದಾಖಲೆಯಲ್ಲಿನ ಮೊದಲ ಲಕ್ಷಣದ ದಿನಕ್ಕೆ ತಾಳೆಯಾದರೆ, ಅದು ಬಲವಾದ ಸಾಕ್ಷ್ಯ. ಇವುಗಳಲ್ಲಿ ಒಂದೇ ಇದ್ದರೆ ಸಾಕಾಗದು. ಸಹಿಯಿಲ್ಲದ ಎಷ್ಟೋ ಒಳ್ಳೆಯ ಪ್ರೋಗ್ರಾಂಗಳಿವೆ. ಕಚೇರಿಗಳಲ್ಲಿ ಬಳಸುವ ಹಳೆಯ ಲೆಕ್ಕಪತ್ರ ತಂತ್ರಾಂಶಗಳೂ ಮುದ್ರಕಗಳ ಡ್ರೈವರ್‌ಗಳೂ ಹಲವು ಬಾರಿ ಹಾಗೇ ಇರುತ್ತವೆ.

ಸಾಲಿನ ಗುರುತನ್ನು, ಹಲವು ಆ್ಯಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಕೊಡುವ ವೈರಸ್‌ಟೋಟಲ್ ತಾಣದಲ್ಲಿ ಪರಿಶೀಲಿಸುವ ಸೌಲಭ್ಯ ಆಟೋರನ್ಸ್‌ನಲ್ಲೇ ಇದೆ. ಫೈಲಿನ ಹ್ಯಾಶ್ (ಫೈಲಿನಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ಕಳಿಸಿ ಫಲಿತಾಂಶ ನೋಡುವುದರಿಂದ ತೊಂದರೆಯಿಲ್ಲ. ಆದರೆ ಆ ತಾಣಕ್ಕೆ ಏರಿಸಿದ ಫೈಲುಗಳು ಭದ್ರತಾ ಸಂಸ್ಥೆಗಳ ಕೈಗೂ ಸಿಗುವುದರಿಂದ ನಿಮ್ಮ ಕಾಗದಪತ್ರಗಳನ್ನು, ಗ್ರಾಹಕರ ವಿವರವಿರುವ ಎಕ್ಸೆಲ್ ಹಾಳೆಗಳನ್ನು ಅಲ್ಲಿಗೆ ಏರಿಸಬಾರದು.

ಹೊರಗೆ ಹೋಗುವ ದತ್ತಾಂಶವನ್ನು ನೋಡಲು ರಿಸೋರ್ಸ್ ಮಾನಿಟರಿನ ನೆಟ್‌ವರ್ಕ್ ವಿಭಾಗ ಸಾಕು. ಎಲ್ಲ ಬ್ರೌಸರುಗಳನ್ನೂ ಮುಚ್ಚಿ, ಕ್ಲೌಡ್ ಬ್ಯಾಕಪ್ ನಿಲ್ಲಿಸಿ, ಆಮೇಲೂ ನಿರಂತರವಾಗಿ ಕಳಿಸುತ್ತಿರುವ ಪ್ರಕ್ರಿಯೆ ಯಾವುದೆಂದು ನೋಡಿ.

ಬ್ರೌಸರಿನಲ್ಲಿ ಮಾತ್ರ ದೋಷವಿದ್ದರೆ ಮೊದಲು ಎಕ್ಸ್‌ಟೆನ್ಶನ್‌ಗಳನ್ನೆಲ್ಲ (ಬ್ರೌಸರಿಗೆ ಸೇರಿಸಿದ ಪುಟ್ಟ ಪ್ರೋಗ್ರಾಂಗಳನ್ನು) ಆಫ್ ಮಾಡಿ, ಒಂದೊಂದಾಗಿ ಹಚ್ಚಿ ನೋಡಬೇಕು. ಸ್ವಂತದ ಕಂಪ್ಯೂಟರಿನಲ್ಲಿ ಕ್ರೋಮ್ ತನ್ನನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂದು ಹೇಳಿದರೆ, ಯಾವುದೋ ಪ್ರೋಗ್ರಾಂ ರಿಜಿಸ್ಟ್ರಿಯಲ್ಲಿ ನೀತಿಯೊಂದನ್ನು ಬರೆದಿದೆಯೆಂದರ್ಥ. ಅದನ್ನು ಅಳಿಸದೆ ಎಕ್ಸ್‌ಟೆನ್ಶನ್ ಹೋಗುವುದಿಲ್ಲ. ಕೆಲವು ಆ್ಯಂಟಿವೈರಸ್‌ಗಳೂ ಇಂಥ ನೀತಿ ಬರೆಯುತ್ತವೆಂಬುದನ್ನು ನೆನಪಿಟ್ಟುಕೊಂಡು ಹೆಜ್ಜೆಯಿಡಿ.

ಎಲ್ಲ ಬ್ರೌಸರುಗಳಲ್ಲೂ ದೋಷವಿದ್ದರೆ ಪ್ರಾಕ್ಸಿ (ಸಂಪರ್ಕದ ನಡುವಿನ ಮಧ್ಯವರ್ತಿ), ಡಿಎನ್‌ಎಸ್ (ತಾಣದ ಹೆಸರಿಗೆ ಸಂಖ್ಯಾ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮತ್ತು ಹೋಸ್ಟ್ಸ್ ಫೈಲು (ಅಂಥ ವಿಳಾಸಗಳನ್ನು ಯಂತ್ರದಲ್ಲೇ ಬರೆದಿಡುವ ಪಟ್ಟಿ) ಈ ಮೂರನ್ನು ನೋಡಬೇಕು. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶದ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ನೂರಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್‌ಎಸ್ ವಿಳಾಸವನ್ನು ಬದಲಿಸಿ, ಬಳಕೆದಾರರನ್ನು ಬೇರೆ ತಾಣಗಳಿಗೆ ತಿರುಗಿಸುತ್ತಿದ್ದ ಜಾಲವನ್ನು ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಮುರಿಯಿತು. ಆದರೆ ಕಳ್ಳರ ಸರ್ವರ್‌ಗಳನ್ನು ಥಟ್ಟನೆ ನಿಲ್ಲಿಸಿದರೆ ಆ ವಿಳಾಸವನ್ನೇ ಹಿಡಿದಿದ್ದ ಕಂಪ್ಯೂಟರುಗಳಿಗೆಲ್ಲ ಇಂಟರ್ನೆಟ್ ಕಡಿದುಹೋಗುತ್ತಿತ್ತು. ಹಾಗಾಗಿ ನ್ಯಾಯಾಲಯದ ಅನುಮತಿಯೊಂದಿಗೆ ಬದಲಿ ಸರ್ವರ್‌ಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಕುತಂತ್ರಾಂಶವನ್ನು ತೆಗೆದರೂ ಅದು ಬದಲಿಸಿದ ಸೆಟ್ಟಿಂಗ್ ಹಾಗೇ ಉಳಿಯಬಹುದು. ಸ್ಕ್ಯಾನ್ ಶುದ್ಧವೆಂದು ತೋರಿಸಿದ ಮೇಲೂ ಹುಡುಕಾಟ ಬೇರೆಡೆಗೆ ತಿರುಗುತ್ತಿದ್ದರೆ ಮನೆಯ ವೈಫೈ ರೂಟರಿನ ಒಳಗಿನ ಡಿಎನ್‌ಎಸ್ ಸಾಲನ್ನೂ ನೋಡಬೇಕು. ಮನೆಯ ಮೊಬೈಲುಗಳಲ್ಲೂ ಅದೇ ಲಕ್ಷಣವಿದ್ದರೆ ದೋಷ ಅಲ್ಲೇ ಇರುವ ಸಂಭವ ಹೆಚ್ಚು.

ತೆಗೆಯುವ ಮುನ್ನ

ಸಾಕ್ಷ್ಯ ಸಿಕ್ಕಿತೆಂದರೆ ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಕೂಡಲೇ ನಿಲ್ಲಬೇಕು, ಇಂಟರ್ನೆಟ್ ಸಂಪರ್ಕ ತೆಗೆಯಬೇಕು, ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೆ ಸ್ವಚ್ಛ ಸಾಧನದಿಂದ ಬದಲಿಸಬೇಕು. ಸೋಂಕಿತ ಯಂತ್ರದಲ್ಲೇ ಹೊಸ ಪಾಸ್‌ವರ್ಡ್ ಟೈಪಿಸಿದರೆ ಅದೂ ಕಳ್ಳನ ಕೈಸೇರುತ್ತದೆ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶ ಮೊದಲ ಗಂಟೆಗಳಲ್ಲಿ ಹೆಚ್ಚು. ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸುವಾಗ ಡಾಕ್ಯುಮೆಂಟ್, ಫೋಟೊ ಮಾತ್ರ ನಕಲಿಸಿ, ಇನ್‌ಸ್ಟಾಲ್ ಮಾಡುವ ಫೈಲುಗಳನ್ನು ಬಿಡಿ. ಆಟೋರನ್ಸ್‌ನ ಪಟ್ಟಿಯನ್ನು ಉಳಿಸಿಡಿ. ತೆಗೆದ ಮೇಲೆ ಇನ್ನೊಮ್ಮೆ ಪಟ್ಟಿ ತೆಗೆದು ಹೋಲಿಸಲು ಅದು ಬೇಕು.

ಯಾವ ತಂತ್ರಾಂಶ

ಸ್ಪೈವೇರ್ ತೆಗೆಯುತ್ತೇವೆನ್ನುವ ತಂತ್ರಾಂಶಗಳ ಚರಿತ್ರೆಯಲ್ಲೇ ಸ್ಪೈವೇರ್‌ಗಳು ಸಾಕಷ್ಟಿವೆ. ವಿನ್‌ಫಿಕ್ಸರ್, ವಿನ್‌ಆ್ಯಂಟಿವೈರಸ್, ಡ್ರೈವ್‌ಕ್ಲೀನರ್ ಮುಂತಾದ ಹೆಸರುಗಳಲ್ಲಿ ನಕಲಿ ಸ್ಕ್ಯಾನ್ ತೋರಿಸಿ, ಇಲ್ಲದ ಸೋಂಕನ್ನು ತೆಗೆಯಲು ಹಣ ಕೀಳುತ್ತಿದ್ದವರ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರ್‌ನಲ್ಲಿ ನ್ಯಾಯಾಲಯಕ್ಕೆ ಹೋಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮೋಸಹೋಗಿದ್ದರೆಂದು ಅದು ಹೇಳಿತ್ತು. ನಕಲಿಯಲ್ಲದ, ಹೆಸರುವಾಸಿ ಸಂಸ್ಥೆಗಳ ಮಾತೂ ಯೋಚಿಸಬೇಕಾದದ್ದೇ. ಅವಾಸ್ಟ್ ಸಂಸ್ಥೆ ತನ್ನ ಆ್ಯಂಟಿವೈರಸ್ ಹಾಗೂ ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಮೂಲಕ ಜನರು ಯಾವ ತಾಣ ನೋಡಿದರೆಂಬ ವಿವರ ಸಂಗ್ರಹಿಸಿ, ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತೆಂದು ಅದೇ ಕಮಿಷನ್ 2024ರಲ್ಲಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆದ್ದರಿಂದ ಆಯ್ಕೆಯಲ್ಲಿ ನನ್ನ ಮೊದಲ ಪ್ರಶ್ನೆ ಪತ್ತೆಯ ಸಾಮರ್ಥ್ಯದ್ದಲ್ಲ. ಈ ತಂತ್ರಾಂಶ ನನ್ನಿಂದ ಏನನ್ನು ಸಂಗ್ರಹಿಸುತ್ತದೆ, ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದೆ, ಉಚಿತವೆಂದರೆ ಅದರ ಖರ್ಚನ್ನು ಯಾರು ಕೊಡುತ್ತಿದ್ದಾರೆ ಎಂಬುದು.

ವಿಂಡೋಸ್ 10 ಅಥವಾ 11 ಇರುವ ಮನೆಯ ಕಂಪ್ಯೂಟರಿಗೆ, ಅದರಲ್ಲೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್‌ನಿಂದ ಶುರುಮಾಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಅದರ ಮೂಲವೇ ಸ್ಪೈವೇರ್ ತೆಗೆಯುವ ತಂತ್ರಾಂಶ: ಜೈಂಟ್ ಎಂಬ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2004ರ ಡಿಸೆಂಬರ್‌ನಲ್ಲಿ ಕೊಂಡು, ಅದರ ಆ್ಯಂಟಿಸ್ಪೈವೇರ್ ಅನ್ನು ಡಿಫೆಂಡರ್ ಆಗಿ ಬೆಳೆಸಿತು, ವಿಂಡೋಸ್ 8ರಿಂದ ಅದು ಪೂರ್ಣ ಆ್ಯಂಟಿವೈರಸ್ ಆಯಿತು. ಆ್ಯಡ್-ಅವೇರ್, ಸ್ಪೈಬಾಟ್ ಮುಂತಾದವುಗಳನ್ನು ಆ್ಯಂಟಿವೈರಸ್ ಜತೆಗೆ ಬೇರೆಯಾಗಿ ಹಾಕಿಕೊಳ್ಳುತ್ತಿದ್ದ ಕಾಲ ಹೋಗಿದೆ. ಇಂದಿನ ಆ್ಯಂಟಿವೈರಸ್‌ಗಳೆಲ್ಲ ಸ್ಪೈವೇರ್ ಅನ್ನೂ ಹುಡುಕುತ್ತವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅಪ್‌ಡೇಟ್ ಬರದ ಯಂತ್ರಕ್ಕೆ ಎಷ್ಟು ಒಳ್ಳೆಯ ಆ್ಯಂಟಿವೈರಸ್ ಹಾಕಿದರೂ ತೂತು ತೆರೆದೇ ಇರುತ್ತದೆಂಬುದನ್ನೂ ಗಮನಿಸಿ.

ಸದಾ ಕಾವಲಿರುವ ತಂತ್ರಾಂಶ ಒಂದೇ ಇರಬೇಕು. ಎರಡನೆಯ ಅಭಿಪ್ರಾಯಕ್ಕೆ, ಕೇಳಿದಾಗ ಮಾತ್ರ ಹುಡುಕುವ ಇನ್ನೊಂದನ್ನು ಇಟ್ಟುಕೊಳ್ಳಬಹುದು. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಸಾಕು, ಬ್ರೌಸರಿಗೆ ಅಂಟಿದ ಜಾಹೀರಾತು ತಂತ್ರಾಂಶಗಳಿಗೆ ಅದೇ ಸಂಸ್ಥೆಯ ಆ್ಯಡ್‌ಡಬ್ಲ್ಯುಕ್ಲೀನರ್ ಇದೆ. ನಮ್ಮ ದೇಶದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಉಚಿತ ನಿವಾರಣಾ ಸಲಕರಣೆಗಳನ್ನು ಕೊಡುತ್ತಿದೆ. ಯಾವುದನ್ನೇ ಆಗಲಿ ತಯಾರಕರ ತಾಣದಿಂದಲೇ, ವಿಳಾಸವನ್ನು ಸ್ವತಃ ಟೈಪಿಸಿ ಇಳಿಸಿಕೊಳ್ಳಿ.

ಹಣ ಕೊಟ್ಟು ಕೊಳ್ಳುವುದಾದರೆ ಜಾಹೀರಾತನ್ನು ಬಿಟ್ಟು ಪರೀಕ್ಷಾಲಯಗಳ ಫಲಿತಾಂಶ ಓದಿ. ಜರ್ಮನಿಯ ಮಾಗ್ಡೆಬರ್ಗ್‌ನ ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಅನುಕೂಲ ಇವಕ್ಕೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರಿಟಿವ್ಸ್ ಸುಳ್ಳು ಎಚ್ಚರಿಕೆಗಳ ಪರೀಕ್ಷೆಯನ್ನೂ ಮಾಡುತ್ತದೆ. ಒಂದು ಸುತ್ತಿನ ಅಂಕಕ್ಕಿಂತ ಎರಡು ಮೂರು ವರ್ಷಗಳ ಸ್ಥಿರತೆ ಮುಖ್ಯ. ಸುಳ್ಳು ಎಚ್ಚರಿಕೆ ಹೆಚ್ಚಿದ್ದರೆ ಜನ ಎಲ್ಲ ಎಚ್ಚರಿಕೆಗಳನ್ನೂ ಮುಚ್ಚುವ ರೂಢಿ ಮಾಡಿಕೊಳ್ಳುತ್ತಾರೆ, ಅದು ಪತ್ತೆಯಾಗದ ಸ್ಪೈವೇರ್‌ನಷ್ಟೇ ಅಪಾಯಕಾರಿ. ತಂತ್ರಾಂಶ ತಾನು ಕಂಡ ಫೈಲಿನ ಪೂರ್ಣ ಹಾದಿ, ಹೆಸರು, ಸಮಯ ಇವನ್ನೆಲ್ಲ ಉಳಿಸಬಹುದಾದ ವರದಿಯಾಗಿ ಕೊಡುತ್ತದೆಯೆ, ಅಳಿಸುವ ಮೊದಲು ಕ್ವಾರಂಟೈನ್‌ನಲ್ಲಿ ಇಟ್ಟು ಮರಳಿ ಪಡೆಯಲು ಬಿಡುತ್ತದೆಯೆ ಎಂದು ನೋಡಿ. 247 ಅಪಾಯಗಳು ಸಿಕ್ಕಿವೆ ಎಂದು ಕೆಂಪಕ್ಷರದಲ್ಲಿ ಹೇಳಿ, ಅವು ಯಾವುವೆಂದು ಹೇಳದೆ ಹಣ ಕೇಳುವುದನ್ನು ಅಲ್ಲೇ ಬಿಟ್ಟುಬಿಡಿ.

ಕಚೇರಿಗಳಲ್ಲಿ ಆಯ್ಕೆಯೇ ನಡೆಯುವುದಿಲ್ಲ. ಮೊದಲಿಂದ ಇದೇ ಇದೆ ಎಂದು ಪ್ರತಿವರ್ಷ ಹಳೆಯ ಪರವಾನಗಿಯನ್ನೇ ನವೀಕರಿಸುತ್ತಾರೆ. ಹಿಂದಿನಿಂದ ಹೀಗೆಯೇ ಮಾಡುತ್ತಿದ್ದೇವೆ ಎಂಬ ಮಾತಿನ ವಿರುದ್ಧ ಹಾಪರ್ ಜೀವನವಿಡೀ ಹೋರಾಡಿದರು. ಅದಕ್ಕಾಗಿಯೇ ತಮ್ಮ ಕಚೇರಿಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದನ್ನು ತೂಗುಹಾಕಿದ್ದರು. ಕಂಪ್ಯೂಟರ್ ಅಂಕಗಣಿತ ಮಾತ್ರ ಮಾಡಬಲ್ಲದು, ಪ್ರೋಗ್ರಾಂ ಬರೆಯಲಾರದು ಎಂದು ಎ-0 ಕಾಲದಲ್ಲಿ ಅವರಿಗೆ ಹೇಳಿದವರಿದ್ದರು. ಇಂಗ್ಲಿಷ್ ಪದಗಳಲ್ಲಿ ಆದೇಶ ಕೊಡಬಹುದಾದ ಅವರ ಫ್ಲೋ-ಮ್ಯಾಟಿಕ್, 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಎಂಬ ಪ್ರೋಗ್ರಾಂ ಭಾಷೆಗೆ ತಳಹದಿಯಾಯಿತು. ನವೀಕರಣದ ಬಿಲ್ಲಿಗೆ ಸಹಿ ಹಾಕುವ ಮುನ್ನ ಆ ವರ್ಷದ ಪರೀಕ್ಷಾ ಫಲಿತಾಂಶವನ್ನು ಒಮ್ಮೆ ತೆರೆದು ನೋಡಿದರೆ ಅರ್ಧ ಗಂಟೆಯ ಕೆಲಸ.

ಆರಿಸಿದ್ದು ನಿಜಕ್ಕೂ ಎಚ್ಚರವಾಗಿದೆಯೇ ಎಂದು ತಿಳಿಯಲು ಐಕಾರ್ ಪರೀಕ್ಷಾ ಫೈಲು ಬಳಸಿ. ಅದು 68 ಅಕ್ಷರಗಳ ಒಂದು ನಿರುಪದ್ರವಿ ಸಾಲು. ಎಲ್ಲ ಪ್ರಮುಖ ಆ್ಯಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕೆಂಬ ಒಪ್ಪಂದವಿದೆ. ಹಿಡಿಯದಿದ್ದರೆ ಕಾವಲು ಆರಿದೆಯೆಂದರ್ಥ. ಸ್ಪೈವೇರ್ ಒಳಬಂದ ಕೂಡಲೇ ಮಾಡುವ ಕೆಲಸಗಳಲ್ಲಿ ಕಾವಲನ್ನು ನಿಲ್ಲಿಸುವುದೂ ಒಂದು. ಕೊಸೈನ್ ಟೇಪ್ ಓಡಿಸಿದ ಸಾಲಿನಲ್ಲೇ ಸೈನ್‌ನಿಂದ ತಾಳೆ ನೋಡಿದ್ದೆಂದು ಮಾರ್ಕ್ 2ರವರು ಬರೆದದ್ದೂ ಇದೇ ಬಗೆಯ ಪರೀಕ್ಷೆ. ಕಚೇರಿಯ ಯಂತ್ರವಾದರೆ ಐಟಿ ವಿಭಾಗಕ್ಕೆ ಮೊದಲೇ ತಿಳಿಸಿ.

ಓಡಿಸುವ ಕ್ರಮ

ಆರಿಸಿಕೊಂಡ ತಂತ್ರಾಂಶವನ್ನು ಅಪ್‌ಡೇಟ್ ಮಾಡಿ ಪೂರ್ಣ ಸ್ಕ್ಯಾನ್ ಓಡಿಸಿ. ತ್ವರಿತ ಸ್ಕ್ಯಾನ್ ಸಾಲದು. ಬಳಿಕ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಅದು ಯಂತ್ರವನ್ನು ಮರುಪ್ರಾರಂಭಿಸಿ, ವಿಂಡೋಸ್ ಏಳುವ ಮೊದಲೇ, ಸುಮಾರು 15 ನಿಮಿಷ ಹುಡುಕುತ್ತದೆ. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗವಿದ್ದರೆ ಅದರ ರಿಕವರಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹೊರಗಿನಿಂದ ಹುಡುಕುವುದು ಯಾಕೆ ಬೇಕೆಂದರೆ, ನಡೆಯುತ್ತಿರುವ ವಿಂಡೋಸ್‌ನಲ್ಲಿ ರೂಟ್‌ಕಿಟ್ ಇದ್ದರೆ ಅದು ತನ್ನ ಫೈಲುಗಳನ್ನು ಸ್ಕ್ಯಾನರಿನ ಕಣ್ಣಿಗೇ ಬೀಳದಂತೆ ಮಾಡುತ್ತದೆ. 2005ರ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೊವಿಚ್ ಬಯಲಿಗೆ ತಂದದ್ದು ಅಂಥದೇ ಪ್ರಕರಣ: ಸೋನಿ ಬಿಎಂಜಿ ತನ್ನ ಸಂಗೀತದ ಸಿಡಿಗಳಲ್ಲಿ ನಕಲು ತಡೆಗೆಂದು ಹಾಕಿದ್ದ ತಂತ್ರಾಂಶ, ನಿರ್ದಿಷ್ಟ ಅಕ್ಷರಗಳಿಂದ ಶುರುವಾಗುವ ಹೆಸರಿನ ಫೈಲುಗಳನ್ನೆಲ್ಲ ಮರೆಮಾಡುತ್ತಿತ್ತು. ಗದ್ದಲವಾದ ಮೇಲೆ ಜಾಲದ ಮೂಲಕ ಕೊಟ್ಟ ತೆಗೆಯುವ ಸಲಕರಣೆಯೇ ಯಂತ್ರದಲ್ಲಿ ಇನ್ನೂ ದೊಡ್ಡ ಭದ್ರತಾ ಲೋಪ ಬಿಟ್ಟುಹೋಗುತ್ತಿತ್ತೆಂದು ಪ್ರಿನ್ಸ್‌ಟನ್‌ನ ಸಂಶೋಧಕರು ತೋರಿಸಿದರು. ತೆಗೆದ ಮೇಲೆ ಮರುಪರೀಕ್ಷೆ ಬೇಕೆನ್ನುವುದಕ್ಕೆ ಇಷ್ಟು ಸಾಕು.

ಸಿಕ್ಕಿದ್ದನ್ನು ಮೊದಲು ಕ್ವಾರಂಟೈನ್ ಮಾಡಿ. ಅಳಿಸುವುದು ಕೆಲವು ದಿನ ಕಳೆದ ಮೇಲೆ. ವರದಿಯಲ್ಲಿ ಅನಪೇಕ್ಷಿತ ಆ್ಯಪ್ ಎಂದಿರುವುದು ಹೆಚ್ಚಾಗಿ ಉಚಿತ ತಂತ್ರಾಂಶದ ಜತೆ ಬಂದ ಜಾಹೀರಾತಿನ ಸರಕು; ಒಳ್ಳೆಯ ಪ್ರೋಗ್ರಾಂನ ವೇಷದಲ್ಲಿ ಬರುವ ಟ್ರೋಜನ್, ಒತ್ತಿದ ಕೀಲಿಗಳನ್ನು ದಾಖಲಿಸುವ ಕೀಲಾಗರ್, ಪಾಸ್‌ವರ್ಡ್ ಕದಿಯುವ ಸ್ಟೀಲರ್ ಎಂದಿದ್ದರೆ ಮಾತು ಬೇರೆ. ಎರಡನೆಯ ಸ್ಕ್ಯಾನರಿನಿಂದಲೂ ಪರೀಕ್ಷಿಸಿ, ಮರುಪ್ರಾರಂಭಿಸಿ, ಆಟೋರನ್ಸ್‌ನ ಹೊಸ ಪಟ್ಟಿಯನ್ನು ಹಳೆಯದರೊಂದಿಗೆ ಹೋಲಿಸಿ. ತೆಗೆದ ಸಾಲು ಮತ್ತೆ ಬಂದಿದ್ದರೆ ಅದನ್ನು ಮರಳಿ ಬರೆಯುವ ಇನ್ನೊಂದು ಭಾಗ ಒಳಗಿದೆ. ನಿಗದಿತ ಕಾರ್ಯಗಳನ್ನೂ ಸರ್ವಿಸ್‌ಗಳನ್ನೂ ಇನ್ನೊಮ್ಮೆ ನೋಡಿ.

ಮೊಬೈಲ್ ಆದರೆ

ಮದುವೆ ಆಮಂತ್ರಣ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಹಾಕುವ) ಫೈಲುಗಳು ಎಸ್‌ಎಂಎಸ್ ಓದುವ ಅನುಮತಿ ಪಡೆದು ಓಟಿಪಿ ಕದಿಯುತ್ತವೆ. ಆಂಡ್ರಾಯ್ಡ್‌ನಲ್ಲಿ ನೋಡಬೇಕಾದದ್ದು ಆ್ಯಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್, ನೋಟಿಫಿಕೇಶನ್ ಓದುವ ಅನುಮತಿ, ಅಪರಿಚಿತ ಮೂಲದಿಂದ ಆ್ಯಪ್ ಹಾಕುವ ಅನುಮತಿ, ಈ ನಾಲ್ಕು ಪಟ್ಟಿಗಳನ್ನು. ಆ್ಯಪ್‌ಗಳನ್ನು ಪರೀಕ್ಷಿಸುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಅನ್ನು ಯಾರೋ ಆಫ್ ಮಾಡಿದ್ದರೆ ಅದೂ ಒಂದು ಸುಳಿವು. ಅಡ್ಮಿನ್ ಹಕ್ಕು ತೆಗೆಯದೆ ಅಂಥ ಆ್ಯಪ್ ಅಳಿಸಲು ಬರುವುದಿಲ್ಲ.

ಮನೆಯವರೋ ಆಪ್ತರೋ ಬೇಹುಗಾರಿಕೆಗೆಂದು ಆ್ಯಪ್ ಹಾಕಿದ್ದಾರೆಂಬ ಶಂಕೆಯಿದ್ದರೆ ಈ ಕೈಪಿಡಿಯ ಕ್ರಮವನ್ನು ಬದಲಿಸಬೇಕು. ಆ್ಯಪ್ ತೆಗೆದ ಕೂಡಲೇ ಹಾಕಿದವರಿಗೆ ಗೊತ್ತಾಗುತ್ತದೆ, ಅದರಿಂದ ಹಿಂಸೆ ಹೆಚ್ಚಬಹುದು. ಅಂಥವರು ಮೊದಲು ಬೇರೆಯವರ ಫೋನಿನಿಂದ ಮಹಿಳಾ ಸಹಾಯವಾಣಿ 181ನ್ನೋ ನಂಬಿಕಸ್ಥರನ್ನೋ ಸಂಪರ್ಕಿಸಿ, ತಮ್ಮ ಸುರಕ್ಷತೆಯನ್ನು ಗಟ್ಟಿ ಮಾಡಿಕೊಂಡು, ಸಾಕ್ಷ್ಯವನ್ನು ಇನ್ನೊಂದು ಫೋನಿನಲ್ಲಿ ಫೋಟೊ ತೆಗೆದಿಟ್ಟು, ಆಮೇಲೆ ಮುಂದುವರಿಯಬೇಕು.

ಪೆಗಾಸಸ್‌ನಂಥ ದುಬಾರಿ ಸ್ಪೈವೇರ್ ಪತ್ತೆಗೆ ಅಂಗಡಿಯ ಆ್ಯಪ್‌ಗಳು ಸಾಲವು. ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ, 5ರಲ್ಲಿ ಯಾವುದೋ ಕುತಂತ್ರಾಂಶ ಕಂಡರೂ ಅದು ಪೆಗಾಸಸ್ಸೇ ಎಂದು ಖಚಿತವಾಗಿ ಹೇಳಲಾಗಿಲ್ಲವೆಂದು ವರದಿ ಕೊಟ್ಟದ್ದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದ ಮುಂದೆ ಬಂತು. ಸೋಂಕಿದೆಯೆನ್ನುವುದಕ್ಕೂ ಅದು ಇಂಥದ್ದೇ ಎನ್ನುವುದಕ್ಕೂ ಬೇಕಾಗುವ ಸಾಕ್ಷ್ಯದಲ್ಲಿ ಇಷ್ಟು ಅಂತರವಿದೆ.

ಹೋಗಲಿಲ್ಲವೆಂದರೆ

ಕೀಲಾಗರ್, ಸ್ಟೀಲರ್ ಅಥವಾ ರೂಟ್‌ಕಿಟ್ ಸಿಕ್ಕಿದ್ದರೆ, ಅಥವಾ ತೆಗೆದದ್ದು ಮತ್ತೆ ಮತ್ತೆ ಬರುತ್ತಿದ್ದರೆ, ಶುದ್ಧಗೊಳಿಸುತ್ತ ಕೂರದೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು ಉತ್ತಮ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವನ್ನು ಇನ್ನೊಂದು ಸ್ವಚ್ಛ ಯಂತ್ರದಲ್ಲಿ ತಯಾರಿಸಿ. ಬಳಿಕ ಪಾಸ್‌ವರ್ಡ್ ಬದಲಿಸಿದ್ದರೂ ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡುವ ಆಯ್ಕೆಯನ್ನು ಪ್ರತಿ ಖಾತೆಯಲ್ಲೂ ಒತ್ತಬೇಕು. ಸ್ಟೀಲರ್‌ಗಳು ಕುಕೀಗಳನ್ನು (ಲಾಗಿನ್ ಆಗಿದ್ದೇವೆಂಬ ಗುರುತಾಗಿ ಬ್ರೌಸರ್ ಇಟ್ಟುಕೊಳ್ಳುವ ದತ್ತಾಂಶವನ್ನು) ಕದಿಯುವುದರಿಂದ ಕಳ್ಳನಿಗೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಕೂತಿರಲು ಸಾಧ್ಯ. ಬ್ರೌಸರಿಗೆ ಲಾಗಿನ್ ಆಗುವ ಮೊದಲು ಖಾತೆಯ ಸಿಂಕ್ ದತ್ತಾಂಶವನ್ನು ಅಳಿಸಿ, ಇಲ್ಲವಾದರೆ ಹಳೆಯ ಎಕ್ಸ್‌ಟೆನ್ಶನ್ ಕ್ಲೌಡಿನಿಂದ ಇಳಿದು ಹೊಸ ವಿಂಡೋಸ್‌ನಲ್ಲೂ ಬಂದು ಕೂರುತ್ತದೆ. ಇಷ್ಟಾದ ಮೇಲೆ ದೋಷ ಕಾಣಿಸಿಕೊಳ್ಳುತ್ತಿದ್ದ ಅದೇ ಬ್ರೌಸರ್, ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿ ನೋಡಿ, ಫಲಿತಾಂಶವನ್ನು ದಿನಾಂಕ ಮತ್ತು ಗಂಟೆಯ ಸಮೇತ ಬರೆದಿಡಿ.